ವ್ಯಾಯಾಮದ ಪೆಟ್ಟು, ಮುಪ್ಪಿನ ಸ್ನಾಯು: ದುರಸ್ತಿ ನಿಧಾನ, ಆದರೆ ನಿಂತಿಲ್ಲ

ಮೈಸೂರಿನ ಚಾಮುಂಡಿ ಬೆಟ್ಟವನ್ನು ಮೆಟ್ಟಿಲೇರಿ ಹತ್ತುವವರಿಗೆ ಏದುಸಿರು ಬರುವುದು ಹತ್ತುವಾಗ. ಕಾಲು ಹಿಡಿದುಕೊಳ್ಳುವುದು ಮಾತ್ರ ಇಳಿದ ಮಾರನೆಯ ದಿನ. ಸಾವಿರ ಮೆಟ್ಟಿಲೆಂದೇ ಹೆಸರಾದ ಆ ದಾರಿಯನ್ನು ಅಪರೂಪಕ್ಕೊಮ್ಮೆ ಇಳಿದವರ ತೊಡೆಯ ಮುಂಭಾಗ ಎರಡನೆಯ ದಿನಕ್ಕೆ ಎಷ್ಟು ಬಿಗಿದಿರುತ್ತದೆಂದರೆ, ಮನೆಯ ಮುಂದಿನ ನಾಲ್ಕು ಮೆಟ್ಟಿಲಿಳಿಯಲೂ ಕಂಬಿ ಹಿಡಿಯಬೇಕಾಗುತ್ತದೆ. ಜೊತೆಯಲ್ಲಿ ಬಂದ ಇಪ್ಪತ್ತೈದರ ಮಗ ನಾಲ್ಕನೆಯ ದಿನ ಎಂದಿನಂತೆ ಓಡಾಡುತ್ತಾನೆ. ಅರವತ್ತೈದರ ತಂದೆಗೆ ವಾರ ಕಳೆದರೂ ಕಾಲಿನಲ್ಲಿ ಹಿಂದಿನ ಕಸುವು ಬಾರದಿರಬಹುದು. 'ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ?' ಎಂದು ಮನೆಯವರು ಕೇಳುತ್ತಾರೆ. ಆ ಮಾತಿಗೆ ಒಪ್ಪಿ ಬೆಳಗಿನ ನಡಿಗೆಯನ್ನೂ ಬಿಟ್ಟು ಕುಳಿತುಬಿಡುವ ಹಿರಿಯರು ಕಡಿಮೆಯಿಲ್ಲ.

ಈ ನಿರ್ಧಾರದ ಹಿಂದಿರುವ ನಂಬಿಕೆ ಒಂದೇ. ವಯಸ್ಸಾದ ಸ್ನಾಯು ಒಮ್ಮೆ ಪೆಟ್ಟಾದರೆ ಮತ್ತೆ ಸರಿಹೋಗದು ಎಂಬುದು ಅದು. ಕಳೆದ ನಾಲ್ಕು ದಶಕಗಳಲ್ಲಿ ನಡೆದ ಸಂಶೋಧನೆಗಳನ್ನು ಒಟ್ಟಾಗಿ ನೋಡಿದರೆ ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ದುರಸ್ತಿ ನಿಧಾನವಾಗುತ್ತದೆ ಎಂಬುದು ನಿಜ. ದುರಸ್ತಿಯ ಶಕ್ತಿಯೇ ಬತ್ತಿಹೋಗುತ್ತದೆ ಎಂಬುದು ನಿಜವಲ್ಲ. ಪೆಟ್ಟಿಗೆ ಹೆದರಿ ಕುಳಿತುಬಿಡುವುದರಿಂದ ಆಗುವ ನಷ್ಟವಂತೂ ಪೆಟ್ಟಿನ ನಷ್ಟಕ್ಕಿಂತ ಬಹುಪಾಲು ಸಂದರ್ಭಗಳಲ್ಲಿ ದೊಡ್ಡದು.

ಪೆಟ್ಟು ಎಂದರೇನು?

ಇಲ್ಲಿ ಪೆಟ್ಟು ಎಂದರೆ ಬಿದ್ದು ಉಳುಕಿಸಿಕೊಂಡದ್ದಾಗಲಿ, ಸ್ನಾಯು ಹರಿದದ್ದಾಗಲಿ ಅಲ್ಲ. ರೂಢಿಯಿಲ್ಲದ ಶ್ರಮದಿಂದ ಸ್ನಾಯುವಿನ ಎಳೆಗಳ ಒಳಗೆ ಉಂಟಾಗುವ, ಸೂಕ್ಷ್ಮದರ್ಶಕದಲ್ಲಷ್ಟೇ ಕಾಣಬಹುದಾದ ಘಾಸಿ ಅದು. ಸ್ನಾಯು ಎರಡು ರೀತಿಯಲ್ಲಿ ದುಡಿಯುತ್ತದೆ. ಮೆಟ್ಟಿಲು ಹತ್ತುವಾಗ ತೊಡೆಯ ಸ್ನಾಯು ಬಿಗಿಯುತ್ತ ಕುಗ್ಗುತ್ತದೆ. ಇಳಿಯುವಾಗ ಅದೇ ಸ್ನಾಯು ದೇಹದ ಭಾರವನ್ನು ತಡೆದು ಹಿಡಿಯಲು ಬಿಗಿಯುತ್ತಲೇ ಉದ್ದವಾಗುತ್ತದೆ. ಎರಡನೆಯ ಬಗೆಯ ದುಡಿಮೆಗೆ 'ಎಕ್ಸೆಂಟ್ರಿಕ್' ಎಂದು ಹೆಸರು. ಇದಕ್ಕೆ ಉಸಿರೂ ಶಕ್ತಿಯೂ ಕಡಿಮೆ ಸಾಕು; ಎಳೆಗಳ ಮೇಲಿನ ಸೆಳೆತ ಮಾತ್ರ ಹೆಚ್ಚು. ಎತ್ತಿದ ಭಾರವನ್ನು ಮೆಲ್ಲನೆ ಕೆಳಗಿಳಿಸುವುದು, ಇಳಿಜಾರಿನಲ್ಲಿ ಓಡುವುದು, ಬಹಳ ದಿನಗಳ ಮೇಲೆ ಬಸ್ಕಿ ಹೊಡೆಯುವುದು ಎಲ್ಲವೂ ಇದೇ ಗುಂಪಿಗೆ ಸೇರುತ್ತವೆ.

ಇಂಥ ನೋವು ಸ್ನಾಯುವಿನೊಳಗಿನ ಹರಿತದಿಂದ ಬರುತ್ತದೆಂದು ಅಮೆರಿಕದ ಶರೀರಶಾಸ್ತ್ರಜ್ಞ ಥಿಯೊಡೋರ್ ಹಫ್ 1902ರಲ್ಲೇ ಸೂಚಿಸಿದ್ದರು. ಆದರೂ ಲ್ಯಾಕ್ಟಿಕ್ ಆಮ್ಲ ಶೇಖರವಾಗಿ ನೋವು ಬರುತ್ತದೆಂಬ ಮಾತು ಜಿಮ್‌ಗಳಲ್ಲಿ ಇಂದಿಗೂ ಕೇಳಿಬರುತ್ತದೆ. 1983ರಲ್ಲಿ ಪ್ರಕಟವಾದ ಒಂದು ಸರಳ ಪ್ರಯೋಗ ಅದನ್ನು ಅಲ್ಲಗಳೆದಿತ್ತು. ಸಮತಟ್ಟಿನಲ್ಲಿ ಓಡಿದವರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿತು, ಆದರೆ ಅವರಿಗೆ ಮಾರನೆಯ ದಿನ ಹೇಳಿಕೊಳ್ಳುವಂಥ ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದವರಲ್ಲಿ ಆಮ್ಲ ಏರಲಿಲ್ಲ, ನೋವು ಬಂತು. ಅಷ್ಟಕ್ಕೂ ಈ ಆಮ್ಲ ಶ್ರಮ ನಿಂತ ಸುಮಾರು ಒಂದು ಗಂಟೆಯೊಳಗೆ ಹಿಂದಿನ ಮಟ್ಟಕ್ಕೆ ಇಳಿದುಬಿಡುತ್ತದೆ. ನೋವು ತುತ್ತತುದಿ ಮುಟ್ಟುವುದು 24ರಿಂದ 72 ಗಂಟೆಗಳ ನಡುವೆ.

ಎಳೆಗಳೊಳಗೆ ಆಗುವುದೇನೆಂಬುದನ್ನು ಕಣ್ಣಾರೆ ತೋರಿಸಿದವರು ಸ್ವೀಡನ್ನಿನ ಉಮಿಯೋ ವಿಶ್ವವಿದ್ಯಾಲಯದ ಯಾನ್ ಫ್ರಿಡೇನ್ ಮತ್ತು ಸಂಗಡಿಗರು. ಅವರೂ ಮೆಟ್ಟಿಲನ್ನೇ ಆರಿಸಿಕೊಂಡರು. 1981ರ ಅವರ ವರದಿಯಲ್ಲಿ, ಪದೇಪದೇ ಮೆಟ್ಟಿಲಿಳಿದವರ ಕಾಲಿನಿಂದ ತೆಗೆದ ಸ್ನಾಯುವಿನ ಚೂರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ ವಿವರವಿದೆ. ಸ್ನಾಯುವಿನ ಎಳೆಯಲ್ಲಿ ಸಾಲಾಗಿ ನಿಂತ ಪುಟ್ಟ ಘಟಕಗಳನ್ನು ಒಂದಕ್ಕೊಂದು ಬಂಧಿಸುವ 'ಝಡ್ ಗೆರೆ'ಗಳು ನೇರವಾಗಿರುವ ಬದಲು ಅಲ್ಲಲ್ಲಿ ಕದಡಿ ಹರಡಿಕೊಂಡಿದ್ದವು. ನೇಯ್ದ ಬಟ್ಟೆಯ ಹಾಸು ನೂಲು ಕೆಲವೆಡೆ ಜಗ್ಗಿಹೋದಂತೆ ಎನ್ನಬಹುದು.

ಒಂದು ಸೂಕ್ಷ್ಮವನ್ನು ಮರೆಯಬಾರದು. ನೋವಿನ ಪ್ರಮಾಣಕ್ಕೂ ಘಾಸಿಯ ಪ್ರಮಾಣಕ್ಕೂ ನೇರ ಲೆಕ್ಕವಿಲ್ಲ. ಘಾಸಿಯನ್ನು ಅಳೆಯಲು ಹೆಚ್ಚು ನಂಬಬಹುದಾದ ಮಾಪನವೆಂದರೆ ಶಕ್ತಿಯ ಇಳಿಕೆ. ನೋವು ಹೋದರೂ ಕಸುವು ಪೂರ್ತಿ ಮರಳಿರುವುದಿಲ್ಲ. ಮುಂದೆ ಬರುವ ಮುಪ್ಪಿನ ಮಾತಿಗೆ ಇದು ಮುಖ್ಯ.

ದುರಸ್ತಿಯ ಕ್ರಮ

ಹಗುರ ಘಾಸಿಯಾದರೆ ಎಳೆ ತನ್ನನ್ನು ತಾನೇ ತೇಪೆ ಹಾಕಿಕೊಳ್ಳುತ್ತದೆ. ಎಳೆಯೊಳಗಿನ ಕೋಶಕೇಂದ್ರಗಳು ಘಾಸಿಯ ಜಾಗದತ್ತ ಸರಿದು, ಅಲ್ಲಿಗೆ ಬೇಕಾದ ಪ್ರೋಟೀನ್ ತಯಾರಿಸಿಕೊಡುತ್ತವೆಂಬುದನ್ನು 2021ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ವಿಜ್ಞಾನಿಗಳು 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು.

ಘಾಸಿ ದೊಡ್ಡದಾದರೆ ಹೊರಗಿನ ನೆರವು ಬೇಕು. ಮೊದಲ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಧಾವಿಸುತ್ತವೆ. ಹಿಂದೆಯೇ ಬರುವ ಮ್ಯಾಕ್ರೋಫೇಜ್‌ಗಳು ಹಾಳಾದ ಭಾಗಗಳನ್ನು ಕಬಳಿಸಿ ಜಾಗ ತೆರವು ಮಾಡುತ್ತವೆ. ಕೆಲವು ದಿನಗಳ ನಂತರ ಇದೇ ಮ್ಯಾಕ್ರೋಫೇಜ್‌ಗಳು ಸ್ವಭಾವ ಬದಲಿಸಿ, ಉರಿಯೂತವನ್ನು ತಣಿಸಿ ಕಟ್ಟುವ ಕೆಲಸಕ್ಕೆ ನೆರವಾಗುತ್ತವೆ. ಕೆಡಹುವ ಹಂತದಿಂದ ಕಟ್ಟುವ ಹಂತಕ್ಕೆ ಆಗುವ ಈ ಬದಲಾವಣೆ ಸಕಾಲದಲ್ಲಿ ಆಗಬೇಕು. ತಡವಾದರೆ ಮುಂದಿನದೆಲ್ಲ ತಡ.

ಕಟ್ಟುವ ಮುಖ್ಯ ಕೆಲಸಗಾರರನ್ನು ಮೊದಲು ಗುರುತಿಸಿದವರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಅಲೆಕ್ಸಾಂಡರ್ ಮೌರೋ. ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದ ಅವರಿಗೆ, ಎಳೆಯ ಪೊರೆಗೂ ಅದರ ಹೊರಕವಚಕ್ಕೂ ನಡುವೆ ಅಂಟಿಕೊಂಡು ಕುಳಿತ ಪುಟ್ಟ ಕೋಶಗಳು ಕಂಡವು. 1961ರ ಪ್ರಬಂಧದಲ್ಲಿ ಅವರು ಅವಕ್ಕೆ 'ಸ್ಯಾಟಲೈಟ್ ಕೋಶ', ಅಂದರೆ ಉಪಗ್ರಹ ಕೋಶ, ಎಂದು ಹೆಸರಿಟ್ಟರು. ಇವು ಸ್ನಾಯುವಿನ ಆಕರಕೋಶಗಳು. ಮಾಮೂಲಿ ದಿನಗಳಲ್ಲಿ ನಿದ್ರಿಸುತ್ತಿರುವ ಇವು ಪೆಟ್ಟಿನ ಸುಳಿವು ಸಿಕ್ಕೊಡನೆ ಎಚ್ಚೆತ್ತು ವಿಭಜನೆಗೊಂಡು, ಹಳೆಯ ಎಳೆಯೊಂದಿಗೆ ಬೆರೆತು ಅದನ್ನು ಸರಿಪಡಿಸುತ್ತವೆ, ಇಲ್ಲವೇ ತಮ್ಮತಮ್ಮಲ್ಲೇ ಕೂಡಿ ಹೊಸ ಎಳೆ ಕಟ್ಟುತ್ತವೆ. ಒಂದಿಷ್ಟು ಕೋಶಗಳು ಮುಂದಿನ ಪೆಟ್ಟಿಗೆಂದು ಮತ್ತೆ ನಿದ್ರೆಗೆ ಮರಳುತ್ತವೆ.

ವಯಸ್ಸು ಮಾಡುವ ಬದಲಾವಣೆ

ಮೊದಲನೆಯದಾಗಿ ಸ್ನಾಯುವಿನ ಗಾತ್ರವೇ ಇಳಿಯುತ್ತದೆ. ಉಮಿಯೋದ ಯಾನ್ ಲೆಕ್ಸೆಲ್ ಮತ್ತು ಸಂಗಡಿಗರು 1988ರಲ್ಲಿ ಮೃತ ಪುರುಷರ ತೊಡೆಯ ಇಡೀ ಸ್ನಾಯುವನ್ನು ಅಡ್ಡಲಾಗಿ ಸೀಳಿ ಎಳೆಗಳನ್ನು ಎಣಿಸಿದರು. 20ರಿಂದ 80ರ ವಯಸ್ಸಿನ ನಡುವೆ ಸ್ನಾಯುವಿನ ವಿಸ್ತೀರ್ಣ ಸರಾಸರಿ ಶೇ. 40ರಷ್ಟು ಕುಗ್ಗಿತ್ತು, ಎಳೆಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಇಳಿಕೆ ಆರಂಭವಾಗುವುದು ಐವತ್ತರಲ್ಲಲ್ಲ, ಇಪ್ಪತ್ತೈದರ ಆಸುಪಾಸಿನಲ್ಲಿ ಎಂಬುದು ಓದುಗರಿಗೆ ಅಷ್ಟೇನೂ ಹಿತವಾಗದ ಸಂಗತಿ. ಉಳಿದ ಎಳೆಗಳಲ್ಲಿಯೂ ಎಡವಿದಾಗ ಥಟ್ಟನೆ ಕಾಲೂರಿಸುವ ವೇಗದ ಎಳೆಗಳೇ ಹೆಚ್ಚು ಸವೆಯುತ್ತವೆ. ಎಕ್ಸೆಂಟ್ರಿಕ್ ಶ್ರಮದಲ್ಲಿ ಹೆಚ್ಚು ಘಾಸಿಗೊಳ್ಳುವವೂ ಇವೇ, ಸ್ಯಾಟಲೈಟ್ ಕೋಶಗಳನ್ನು ಹೆಚ್ಚು ಕಳೆದುಕೊಳ್ಳುವವೂ ಇವೇ. ವಯಸ್ಸಿನೊಂದಿಗೆ ಸ್ನಾಯು ಮತ್ತು ಬಲ ಕ್ಷೀಣಿಸುವುದಕ್ಕೆ 'ಸಾರ್ಕೊಪೀನಿಯಾ' ಎಂಬ ಗ್ರೀಕ್ ಮೂಲದ ಹೆಸರನ್ನು ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ಸೂಚಿಸಿದ್ದು 1980ರ ದಶಕದ ಕೊನೆಯಲ್ಲಿ.

ದುರಸ್ತಿಯ ವೇಗದ ಬಗ್ಗೆ ಮೊದಲ ಖಚಿತ ಸುಳಿವು ಸಿಕ್ಕಿದ್ದು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ. ಸೂಸನ್ ಬ್ರೂಕ್ಸ್ ಮತ್ತು ಜಾನ್ ಫಾಕ್ನರ್ ಇಲಿಗಳ ಕಾಲಿನ ಸ್ನಾಯುವನ್ನು ಬಿಗಿದಿರುವಂತೆಯೇ ಎಳೆದು ಘಾಸಿಗೊಳಿಸಿದರು. 1990ರ ಅವರ ವರದಿಯ ಪ್ರಕಾರ 28 ದಿನಗಳಲ್ಲಿ ಎಳೆಯ ಮತ್ತು ನಡುವಯಸ್ಸಿನ ಇಲಿಗಳು ಕಳೆದುಕೊಂಡ ಬಲವನ್ನು ಮರಳಿ ಪಡೆದಿದ್ದವು. ಮುದಿ ಇಲಿಗಳು ಪಡೆದಿರಲಿಲ್ಲ. ಮನುಷ್ಯರಲ್ಲಿ, 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಎಕ್ಸೆಂಟ್ರಿಕ್ ವ್ಯಾಯಾಮವಾದ 24 ಗಂಟೆಗಳ ನಂತರ ಸ್ಯಾಟಲೈಟ್ ಕೋಶಗಳನ್ನು ಎಣಿಸಿತು. ಯುವಕರಲ್ಲಿ ಅವು ಶೇ. 141ರಷ್ಟು ಹೆಚ್ಚಿದ್ದವು, ಹಿರಿಯರಲ್ಲಿ ಶೇ. 51ರಷ್ಟು. ಹಿರಿಯರಲ್ಲಿಯೂ ಹೆಚ್ಚಿದವು ಎಂಬುದನ್ನು ಗಮನಿಸಬೇಕು. ಕರೆ ತಲುಪಿದೆ, ಕೆಲಸಗಾರರೂ ಎದ್ದಿದ್ದಾರೆ. ಬಂದವರ ಸಂಖ್ಯೆ ಕಡಿಮೆ.

ಇದರೊಂದಿಗೆ ಇನ್ನೂ ಕೆಲವು ತೊಡಕುಗಳು ಸೇರಿಕೊಳ್ಳುತ್ತವೆ. ವಯಸ್ಸಾದ ದೇಹದಲ್ಲಿ ಹಗುರ ಉರಿಯೂತ ಸದಾ ಹೊಗೆಯಾಡುತ್ತಿರುವುದರಿಂದ ಹೊಸ ಪೆಟ್ಟಿಗೆ ತಕ್ಕ ಪ್ರತಿಕ್ರಿಯೆ ಮಂದವಾಗಿ ಆರಂಭವಾಗುತ್ತದೆ, ಬೇಗ ಮುಗಿಯುವುದೂ ಇಲ್ಲ. ಎಳೆಗಳ ನಡುವಿನ ಅಂಗಾಂಶ ಗಡುಸಾಗಿ, ಸ್ನಾಯು ಇರಬೇಕಾದಲ್ಲಿ ನಾರು ಮತ್ತು ಕೊಬ್ಬು ತುಂಬಿಕೊಳ್ಳುತ್ತವೆ. ಊಟದ ಪ್ರೋಟೀನನ್ನು ಸ್ನಾಯುವಾಗಿ ಪರಿವರ್ತಿಸುವ ಶಕ್ತಿಯೂ ಕುಂದುತ್ತದೆ.

ಬೀಜವೋ, ನೆಲವೋ?

ಇಲ್ಲಿಂದ ಮುಂದೆ ಕಥೆ ಕುತೂಹಲಕರ. ದೋಷ ಮುದಿಯಾದ ಕೋಶಗಳದ್ದೋ, ಅವು ಇರುವ ಮುದಿ ದೇಹದ್ದೋ? ಬೀಜ ಕೆಟ್ಟಿದೆಯೋ, ನೆಲ ಬರಡಾಗಿದೆಯೋ?

ಮಿಷಿಗನ್ನಿನ ಬ್ರೂಸ್ ಕಾರ್ಲ್‌ಸನ್ ಮತ್ತು ಫಾಕ್ನರ್ 1989ರಲ್ಲಿ ಈ ಪ್ರಶ್ನೆಗೆ ನೇರ ಉತ್ತರ ಹುಡುಕಿದರು. ಮುದಿ ಇಲಿಯ ಸ್ನಾಯುವನ್ನು ಎಳೆಯ ಇಲಿಗೂ ಎಳೆಯದರ ಸ್ನಾಯುವನ್ನು ಮುದಿ ಇಲಿಗೂ ಕಸಿ ಮಾಡಿದರು. ಎಳೆಯ ದೇಹದಲ್ಲಿ ನೆಟ್ಟ ಮುದಿ ಸ್ನಾಯು ಎಳೆಯದರಂತೆಯೇ ಚಿಗುರಿತು. ಮುದಿ ದೇಹದಲ್ಲಿ ನೆಟ್ಟ ಎಳೆಯ ಸ್ನಾಯು ಸೊರಗಿತು. ನಿರ್ಣಾಯಕವಾದದ್ದು ಸ್ನಾಯುವಿನ ವಯಸ್ಸಲ್ಲ, ಅದಕ್ಕೆ ಆಶ್ರಯ ಕೊಟ್ಟ ದೇಹದ ವಯಸ್ಸು.

ಹದಿನಾರು ವರ್ಷಗಳ ನಂತರ, 2005ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಥಾಮಸ್ ರ‍್ಯಾಂಡೋ ಅವರ ತಂಡ ಎಳೆಯ ಮತ್ತು ಮುದಿ ಇಲಿಗಳ ದೇಹಗಳನ್ನು ಹೊಲಿದು ಜೋಡಿಸಿ, ಒಂದರ ರಕ್ತ ಇನ್ನೊಂದರಲ್ಲಿ ಹರಿಯುವಂತೆ ಮಾಡಿತು. ಐದು ವಾರಗಳ ಬಳಿಕ ಪೆಟ್ಟು ಕೊಟ್ಟಾಗ ಮುದಿ ಇಲಿಯ ಸ್ನಾಯು ಚೆನ್ನಾಗಿ ಕೂಡಿಕೊಂಡಿತು. ಕೂಡಿಸಿದ್ದು ಎಳೆಯ ಇಲಿಯಿಂದ ಹರಿದುಬಂದ ಕೋಶಗಳಲ್ಲ, ಮುದಿ ಇಲಿಯದೇ ಕೋಶಗಳು. 'ನೇಚರ್' ಪತ್ರಿಕೆಯಲ್ಲಿ ಬಂದ ಈ ವರದಿಯ ಮೊದಲ ಲೇಖಕಿ ಇರೀನಾ ಕಾನ್‌ಬಾಯ್.

ಎಳೆಯ ರಕ್ತದಲ್ಲಿರುವ ಆ ಸಂಜೀವಿನಿ ಯಾವುದೆಂಬ ಹುಡುಕಾಟ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಹಾರ್ವರ್ಡ್ ವಿಜ್ಞಾನಿಗಳು 2014ರಲ್ಲಿ ಜಿಡಿಎಫ್-11 ಎಂಬ ಪ್ರೋಟೀನನ್ನು ಮುಂದಿಟ್ಟರು. ಅದು ಸ್ನಾಯುವಿಗೆ ನೆರವಾಗುವ ಬದಲು ಅಡ್ಡಿಯಾಗುತ್ತದೆಂದು ನೊವಾರ್ಟಿಸ್ ಕಂಪನಿಯ ತಂಡ 2015ರಲ್ಲಿ ವಾದಿಸಿತು. ಅಷ್ಟರಲ್ಲಿ ಯುವಕರ ರಕ್ತದ ಪ್ಲಾಸ್ಮಾವನ್ನು ವೃದ್ಧರಿಗೆ ದುಬಾರಿ ಬೆಲೆಗೆ ಏರಿಸುವ ವ್ಯಾಪಾರವೂ ಅಮೆರಿಕದಲ್ಲಿ ತಲೆಯೆತ್ತಿತ್ತು. ಇದರಿಂದ ಲಾಭ ಸಾಬೀತಾಗಿಲ್ಲ, ಅಪಾಯಗಳುಂಟು ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2019ರ ಫೆಬ್ರವರಿಯಲ್ಲಿ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು. ಇಲಿಯ ಪ್ರಯೋಗದಿಂದ ಮನುಷ್ಯನ ಜೇಬಿಗೆ ಇಷ್ಟು ಬೇಗ ದಾರಿಯಾದ ಉದಾಹರಣೆಗಳು ವಿರಳ.

ಬೀಜವೇನೂ ಪೂರ್ತಿ ನಿರ್ದೋಷಿಯಲ್ಲ. ಬಾರ್ಸಿಲೋನಾದ ಪೂರಾ ಮುನ್ಯೋಸ್ ಕಾನೊವೆಸ್ ಅವರ ತಂಡ 2014ರಲ್ಲಿ ತೋರಿಸಿದಂತೆ, ಹಣ್ಣುಹಣ್ಣು ಮುದುಕಾದ ಇಲಿಗಳ ಸ್ಯಾಟಲೈಟ್ ಕೋಶಗಳು ಎಬ್ಬಿಸಿದರೆ ಏಳುವ ನಿದ್ರೆಯಿಂದ ಏಳಲಾರದ ಜಡತೆಗೆ ಜಾರುತ್ತವೆ. ಪಿ-16 ಎಂಬ ಪ್ರೋಟೀನಿನ ಕೆಲಸವನ್ನು ಅದುಮಿದಾಗ ಅವು ಮತ್ತೆ ಚೇತರಿಸಿಕೊಂಡವು. ಅರವತ್ತು, ಎಪ್ಪತ್ತರಲ್ಲಿ ನೆಲದ ದೋಷ ಮುಖ್ಯ, ಅತಿ ಮುಪ್ಪಿನಲ್ಲಿ ಬೀಜದ ದೋಷವೂ ಸೇರುತ್ತದೆ ಎಂದು ಈ ಫಲಿತಾಂಶಗಳನ್ನು ಸ್ಥೂಲವಾಗಿ ಓದಿಕೊಳ್ಳಬಹುದು. ಸ್ಟ್ಯಾನ್‌ಫರ್ಡಿನ ಹೆಲೆನ್ ಬ್ಲೌ ಅವರ ತಂಡ 2021ರಲ್ಲಿ ಒಂದು ಕಿಣ್ವವನ್ನು ತಡೆದು ಮುದಿ ಇಲಿಗಳ ಸ್ನಾಯುವಿನ ಗಾತ್ರವನ್ನೂ ಬಲವನ್ನೂ ಹೆಚ್ಚಿಸಿತು. ಇಂಥ ಪ್ರಯೋಗಗಳು ಅನೇಕ ನಡೆದಿದ್ದರೂ ಮುಪ್ಪಿನ ಸ್ನಾಯುಕ್ಷಯಕ್ಕೆಂದೇ ಮಾತ್ರೆ ಇನ್ನೂ ಔಷಧದಂಗಡಿಗೆ ಬಂದಿಲ್ಲ.

ಮನುಷ್ಯ ಇಲಿಯಲ್ಲ

ಮುದಿ ಇಲಿಯ ಸ್ನಾಯುವನ್ನು ಪ್ರಯೋಗಾಲಯದಲ್ಲಿ ಯಂತ್ರಕ್ಕೆ ಕಟ್ಟಿ ಎಳೆಯುವುದು ಒಂದು. ಹಿರಿಯರೊಬ್ಬರು ತಾವಾಗಿಯೇ ಭಾರ ಎತ್ತಿಳಿಸುವುದು ಇನ್ನೊಂದು. ಆಸ್ಟ್ರೇಲಿಯದ ಎಡಿತ್ ಕೋವನ್ ವಿಶ್ವವಿದ್ಯಾಲಯದ ಆಂಡ್ರ್ಯೂ ಲ್ಯಾವೆಂಡರ್ ಮತ್ತು ಕಜುನೊರಿ ನೊಸಾಕಾ 2006ರಲ್ಲಿ ಯುವಕರಿಗೂ ಹಿರಿಯರಿಗೂ ತೋಳಿನ ಎಕ್ಸೆಂಟ್ರಿಕ್ ವ್ಯಾಯಾಮ ಮಾಡಿಸಿ ಹೋಲಿಸಿದಾಗ, ಹಿರಿಯರು ಹೆಚ್ಚು ಘಾಸಿಗೊಳ್ಳುತ್ತಾರೆಂಬ ನಿರೀಕ್ಷೆ ಹುಸಿಯಾಯಿತು. ಘಾಸಿಯ ಲಕ್ಷಣಗಳು ಹಿರಿಯರಲ್ಲೇ ಕಡಿಮೆಯಿದ್ದವು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ನಡೆದ ಇನ್ನೊಂದು ಸಾಲಿನ ಅಧ್ಯಯನಗಳಲ್ಲಿ, ಭಾರ ಎತ್ತುವ ಕಠಿಣ ತರಬೇತಿಯ ನಂತರ ಯುವಕರಿಗೂ ಹಿರಿಯ ಪುರುಷರಿಗೂ ಘಾಸಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಿರಿಯ ಮಹಿಳೆಯರಲ್ಲಿ ಮಾತ್ರ ಯುವತಿಯರಿಗಿಂತ ಘಾಸಿ ಹೆಚ್ಚಿತ್ತು.

ಈ ಭಿನ್ನತೆಗೆ ಕಾರಣಗಳಿಲ್ಲದಿಲ್ಲ. ಹಿರಿಯರ ಸ್ನಾಯುವಿನ ಬಲವೇ ಕಡಿಮೆಯಾದ್ದರಿಂದ ಎಳೆಗಳ ಮೇಲೆ ಬೀಳುವ ಸೆಳೆತವೂ ಕಡಿಮೆ. ಘಾಸಿಗೆ ಸುಲಭವಾಗಿ ತುತ್ತಾಗುವ ವೇಗದ ಎಳೆಗಳು ಅವರಲ್ಲಿ ಮೊದಲೇ ಸವೆದಿರುತ್ತವೆ. ಅಧ್ಯಯನಕ್ಕೆ ಮುಂದೆ ಬರುವ ಹಿರಿಯರು ಸಾಮಾನ್ಯವಾಗಿ ಆರೋಗ್ಯವಂತರೇ ಆಗಿರುವುದೂ ಲೆಕ್ಕಕ್ಕೆ ಬರಬೇಕು. ಹಾಗಾಗಿ ಒಂದು ದಿನದ ಅತಿಶ್ರಮದ ನಂತರ ಚೇತರಿಸಿಕೊಳ್ಳಲು ಹಿರಿಯರಿಗೆ ಎಷ್ಟು ದಿನ ಹೆಚ್ಚು ಬೇಕೆಂಬುದಕ್ಕೆ ಎಲ್ಲರಿಗೂ ಒಪ್ಪುವ ಸಂಖ್ಯೆ ಇಲ್ಲ. ಎಪ್ಪತ್ತರ ರೈತನ ಕಾಲನ್ನೂ ಐವತ್ತೈದರ ಗುಮಾಸ್ತನ ಕಾಲನ್ನೂ ಜನ್ಮದಿನಾಂಕ ನೋಡಿ ಅಳೆಯಲಾಗದು.

ಕುಳಿತರೆ ಆಗುವ ನಷ್ಟ

ಘಾಸಿಯ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ನಿಶ್ಚಲತೆಯ ಬಗ್ಗೆ ಇಲ್ಲ. 2007ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಾಸರಿ 67 ವರ್ಷದ ಆರೋಗ್ಯವಂತರು ಹತ್ತು ದಿನ ಹಾಸಿಗೆಯಲ್ಲೇ ಕಳೆದರು. ಕಾಯಿಲೆಯಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ, ಬರೀ ವಿಶ್ರಾಂತಿ. ಹನ್ನೊಂದನೆಯ ದಿನದ ಹೊತ್ತಿಗೆ ಅವರ ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು ಕೊಬ್ಬುರಹಿತ ಅಂಗಾಂಶ, ಬಹುಪಾಲು ಸ್ನಾಯು, ಕರಗಿಹೋಗಿತ್ತು.

ಕಳೆದುಕೊಂಡದ್ದು ಮರಳಿ ಬರುತ್ತದೆಯೇ? ಕೋಪನ್‌ಹೇಗನ್‌ನ ಷಾರ್ಲೊಟ್ ಸ್ವೆಟ್ಟಾ ಮತ್ತು ಸಂಗಡಿಗರು 2009ರಲ್ಲಿ ಯುವಕರ ಮತ್ತು ಹಿರಿಯರ ಒಂದು ಕಾಲನ್ನು ಎರಡು ವಾರ ಕದಲದಂತೆ ಕಟ್ಟಿ, ಬಳಿಕ ನಾಲ್ಕು ವಾರ ತರಬೇತಿ ಕೊಟ್ಟರು. ಕಟ್ಟಿದ್ದಾಗ ಹೆಚ್ಚು ಕುಗ್ಗಿದ್ದು ಯುವಕರ ಸ್ನಾಯುವೇ. ಆದರೆ ನಾಲ್ಕು ವಾರಗಳಲ್ಲಿ ಅವರು ಕಳೆದದ್ದನ್ನು ತುಂಬಿಕೊಂಡರು. ಹಿರಿಯರ ಸ್ನಾಯು ಹಿಂದಿನ ಗಾತ್ರಕ್ಕೆ ಮರಳಲಿಲ್ಲ. ಹೀಗೆ ಒಂದು ಜ್ವರ, ಒಂದು ಬೀಳುವಿಕೆ, ಒಂದು ಆಸ್ಪತ್ರೆವಾಸ, ಪ್ರತಿಯೊಂದರ ನಂತರವೂ ಒಂದೊಂದು ಮೆಟ್ಟಿಲು ಕೆಳಗಿಳಿದು ಅಲ್ಲೇ ನಿಲ್ಲುವುದು ವೃದ್ಧಾಪ್ಯದ ದೌರ್ಬಲ್ಯದ ಸಾಮಾನ್ಯ ದಾರಿ. ಮೈಕೈ ನೋವಿಗೆ ಅಂಜಿ ತಿಂಗಳುಗಟ್ಟಲೆ ಕುಳಿತವರೂ ಅದೇ ದಾರಿಯಲ್ಲಿರುತ್ತಾರೆ.

ಎದುರು ಬದಿಯ ಸಾಕ್ಷ್ಯವೂ ಅಷ್ಟೇ ಗಟ್ಟಿ. ಬಾಸ್ಟನ್‌ನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು 90ರ ಆಸುಪಾಸಿನ ಹತ್ತು ಮಂದಿ ದುರ್ಬಲ ನಿವಾಸಿಗಳಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. 1990ರ ವರದಿಯಂತೆ, ತರಬೇತಿ ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ನಡುತೊಡೆಯ ಸ್ನಾಯುವಿನ ವಿಸ್ತೀರ್ಣವೂ ಶೇ. 9ರಷ್ಟು ಬೆಳೆಯಿತು. ದುರಸ್ತಿಯ ಶಕ್ತಿ ತೊಂಬತ್ತರಲ್ಲಿ ಬತ್ತಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಫ್ರಾನ್ಸಿನ ಸೈಕಲ್ ಸವಾರ ರಾಬರ್ಟ್ ಮಾರ್ಷಾಂ 2014ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ, ಒಂದು ಗಂಟೆಯಲ್ಲಿ 26.9 ಕಿ.ಮೀ. ಕ್ರಮಿಸಿದ್ದರು, ನೂರರಲ್ಲಿ ಅವರು ಕ್ರಮಿಸಿದ್ದು 24 ಕಿ.ಮೀ.ಗಿಂತ ತುಸು ಹೆಚ್ಚು ಅಷ್ಟೆ. ಇಂಥವರು ಅಪವಾದಗಳೆಂಬುದು ಸರಿಯೇ. ಬಾಸ್ಟನ್ನಿನ ಆ ಒಂಬತ್ತು ಮಂದಿ ಮಾತ್ರ ಅಪವಾದಗಳಾಗಿರಲಿಲ್ಲ.

ಹಾಗಾದರೆ ಮಾಡಬೇಕಾದ್ದೇನು?

ಮೊದಲ ಸೂತ್ರ ಸ್ನಾಯುವಿನ ನೆನಪಿನ ಮೇಲೆ ನಿಂತಿದೆ. ಒಮ್ಮೆ ಘಾಸಿಗೊಂಡು ಕೂಡಿಕೊಂಡ ಸ್ನಾಯು ಅದೇ ಶ್ರಮಕ್ಕೆ ಮುಂದಿನ ಬಾರಿ ಅಷ್ಟಾಗಿ ಘಾಸಿಗೊಳ್ಳುವುದಿಲ್ಲ. ಈ ರಕ್ಷಣೆ ಹಲವು ವಾರ, ಕೆಲವೊಮ್ಮೆ ತಿಂಗಳುಗಳವರೆಗೆ ಉಳಿಯುತ್ತದೆ. ಹಿರಿಯರಲ್ಲಿ ಇದು ಯುವಕರಷ್ಟು ಪ್ರಬಲವಲ್ಲವಾದರೂ ಇದ್ದೇ ಇದೆ. ರಕ್ಷಣೆ ಪಡೆಯಲು ಮೊದಲ ದಿನವೇ ನರಳಬೇಕಾಗಿಲ್ಲ. ಹಗುರವಾಗಿ ಮಾಡಿದ ಕೆಲವೇ ಸಲದ ಅಭ್ಯಾಸದಿಂದಲೂ ಅದು ದೊರೆಯುತ್ತದೆ. ಬೆಟ್ಟಕ್ಕೆ ಹೋಗುವವರು ಎರಡು ಮೂರು ವಾರ ಮುಂಚಿನಿಂದಲೇ ಮನೆಯ ಮೆಟ್ಟಿಲುಗಳನ್ನು ಮೆಲ್ಲನೆ ಇಳಿದು ರೂಢಿಸಿಕೊಂಡರೆ ಪ್ರಯೋಜನವುಂಟು.

ಎರಡನೆಯದು ಬಿಡುವು. ಒಂದೇ ಸ್ನಾಯುವಿಗೆ ಭಾರದ ಕೆಲಸ ಕೊಟ್ಟ ಮೇಲೆ ಕನಿಷ್ಠ ಎರಡು ದಿನ, ಹೊಸದಾಗಿ ಆರಂಭಿಸಿದ ಹಿರಿಯರಿಗೆ ಇನ್ನೂ ಒಂದೆರಡು ದಿನ ಹೆಚ್ಚು ಅಂತರವಿರಲಿ. ಬಿಡುವೆಂದರೆ ಮಂಚವಲ್ಲ. ಆ ದಿನಗಳಲ್ಲಿ ಸಮತಟ್ಟಿನ ನಡಿಗೆ ಧಾರಾಳವಾಗಿ ಸಾಗಬಹುದು. ನೋವು ಹೋದ ದಿನವೇ ಬಲ ಪೂರ್ತಿ ಮರಳಿದೆಯೆಂದು ಭಾವಿಸಿ ದುಪ್ಪಟ್ಟು ಭಾರಕ್ಕೆ ಕೈಹಾಕುವುದು ಬೇಡ.

ಮೂರನೆಯದು ಊಟ. ಇಲ್ಲಿ ತುಸು ಲೆಕ್ಕ ಹಾಕುವುದು ಅಗತ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹದ ತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. ಯುರೋಪಿನ ಪೌಷ್ಟಿಕತಾ ತಜ್ಞರ ಸಂಘ 2014ರಲ್ಲಿ ಆರೋಗ್ಯವಂತ ಹಿರಿಯರಿಗೆ 1.0ರಿಂದ 1.2 ಗ್ರಾಂ ಇರಲೆಂದು ಹೇಳಿತು. 60 ಕಿಲೋ ತೂಗುವವರಿಗೆ ಮೊದಲ ಲೆಕ್ಕದಲ್ಲಿ 50 ಗ್ರಾಂ, ಎರಡನೆಯದರಲ್ಲಿ 60ರಿಂದ 72 ಗ್ರಾಂ. ಒಂದು ಹೊತ್ತಿನ ಊಟದ ಪ್ರೋಟೀನ್ ಸ್ನಾಯು ಕಟ್ಟಲು ಪೂರ್ಣವಾಗಿ ಒದಗಬೇಕಾದರೆ ಹಿರಿಯರಿಗೆ ಕಿಲೋಗೆ 0.4 ಗ್ರಾಂನಷ್ಟು, ಯುವಕರಿಗೆ 0.24 ಗ್ರಾಂನಷ್ಟು ಬೇಕೆಂಬ ಅಂದಾಜು 2015ರಲ್ಲಿ ಪ್ರಕಟವಾಯಿತು. ಅಂದರೆ ಅದೇ 60 ಕಿಲೋದ ಹಿರಿಯರಿಗೆ ಹೊತ್ತಿಗೆ 24 ಗ್ರಾಂ.

ನಮ್ಮ ಹಿರಿಯರ ತಟ್ಟೆಯಲ್ಲಿ ಸಾಮಾನ್ಯವಾಗಿ ಇದರ ಅರ್ಧವೂ ಇರುವುದಿಲ್ಲ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿರುವುದು ಸುಮಾರು 7 ಗ್ರಾಂ. ತೆಳು ಸಾರಿನಲ್ಲಿ ಬೇಳೆ ತಳದಲ್ಲಿ ಉಳಿದು ತಿಳಿಯಷ್ಟೇ ಅನ್ನಕ್ಕೆ ಬಂದರೆ ಪ್ರೋಟೀನ್ ಲೆಕ್ಕಕ್ಕೆ ಸಿಗುವುದಿಲ್ಲ. ರಾತ್ರಿ ಹಲ್ಲು, ಜೀರ್ಣಶಕ್ತಿಗಳ ನೆಪದಲ್ಲಿ ಗಂಜಿಯೋ ಮಜ್ಜಿಗೆ ಅನ್ನವೋ ಆದರೆ ದಿನದ ಕೊರತೆ ಇನ್ನಷ್ಟು ಹಿಗ್ಗುತ್ತದೆ. ಹುರುಳಿ, ಹೆಸರು, ತೊಗರಿಗಳಲ್ಲಿ ಒಣತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನ್ ಇದೆ. ಗಟ್ಟಿ ಹುರುಳಿ ಸಾರು, ಮೊಳಕೆ ಕಾಳಿನ ಪಲ್ಯ, ಒಂದು ಲೋಟ ಹಾಲು, ತಿನ್ನುವವರಿಗೆ ಎರಡು ಮೊಟ್ಟೆ ಇಲ್ಲವೇ ಮೀನು ಸೇರಿದರೆ ಡಬ್ಬಿಯ ಪುಡಿಗಳ ಹಂಗಿಲ್ಲದೆ ಲೆಕ್ಕ ತುಂಬುತ್ತದೆ. ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ನೋವಿನ ಮಾತ್ರೆಗಳ ವಿಷಯ ಅಷ್ಟು ಸರಳವಲ್ಲ. ದಿನವೂ 1200 ಮಿಲಿಗ್ರಾಂ ಐಬುಪ್ರೊಫೆನ್ ನುಂಗುತ್ತ ಎಂಟು ವಾರ ತರಬೇತಿ ಪಡೆದ ಯುವಜನರ ಸ್ನಾಯು ಕಡಿಮೆ ಬೆಳೆಯಿತೆಂದು ಸ್ವೀಡನ್ನಿನ ಅಧ್ಯಯನವೊಂದು 2018ರ ಹೊತ್ತಿಗೆ ವರದಿ ಮಾಡಿತು. ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದ 2011ರ ಅಧ್ಯಯನದಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ಬೆಳವಣಿಗೆ ಹೆಚ್ಚಿತ್ತು. ಸದಾ ಹೊಗೆಯಾಡುವ ಉರಿಯೂತ ತಣಿದದ್ದು ಕಾರಣವಿರಬಹುದು. ಆದರೂ ಹೊಟ್ಟೆಹುಣ್ಣು, ಮೂತ್ರಪಿಂಡ ಮತ್ತು ರಕ್ತದೊತ್ತಡದ ಅಪಾಯ ಹಿರಿಯರಲ್ಲೇ ಹೆಚ್ಚಾದ್ದರಿಂದ ಇವನ್ನು ಅಂಗಡಿಯಿಂದ ತಂದು ವಾರಗಟ್ಟಲೆ ನುಂಗುವುದು ತಪ್ಪು. ಎಣ್ಣೆ ಹಚ್ಚಿ ನೀವಿಸಿಕೊಳ್ಳುವುದರಿಂದ ನೋವು ತುಸು ಇಳಿಯುತ್ತದೆ, ಹಾನಿಯಿಲ್ಲ. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ಸೇವಿಸುವವರು ಸ್ನಾಯು ನೋವು ಬಂದೊಡನೆ ತಾವಾಗಿ ಮಾತ್ರೆ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಕೆಲವು ಲಕ್ಷಣಗಳಿಗೆ ಮನೆಮದ್ದು ಸಲ್ಲದು. ಅತಿಶ್ರಮದ ನಂತರ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯು ವಿಪರೀತ ಕರಗಿ ಮೂತ್ರಪಿಂಡಕ್ಕೆ ಅಪಾಯವೊಡ್ಡುತ್ತಿದೆ ಎಂದರ್ಥ. ಅದೇ ದಿನ ಆಸ್ಪತ್ರೆ ಸೇರಬೇಕು. ಬಿಸಿಲಿನಲ್ಲಿ ನೀರು ಕುಡಿಯದೆ ದಣಿದವರಿಗೆ ಈ ಅಪಾಯ ಹೆಚ್ಚು. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಂಶಯವುಂಟು. ಶ್ರಮದ ನಡುವೆಯೇ 'ಟಪ್' ಎಂದು ಹರಿದಂತಾಗಿ ಕಾಲೂರಲಾಗದಿದ್ದರೆ, ಎದೆ ಅಥವಾ ಎಡತೋಳು ಬಿಗಿದರೆ, ಅದು ಈ ಲೇಖನದಲ್ಲಿ ಹೇಳಿದ ಪೆಟ್ಟಲ್ಲ.

ಮೆಟ್ಟಿಲಿನ ಬಗ್ಗೆ ಕೊನೆಯದಾಗಿ ಒಂದು ಅಧ್ಯಯನವನ್ನು ಹೇಳಬೇಕು. ತೈವಾನಿನಲ್ಲಿ ಸ್ಥೂಲಕಾಯದ 30 ಮಂದಿ ಹಿರಿಯ ಮಹಿಳೆಯರನ್ನು ಎರಡು ಗುಂಪು ಮಾಡಿ, ವಾರಕ್ಕೆರಡು ಬಾರಿಯಂತೆ 12 ವಾರ ಒಂದು ಗುಂಪಿಗೆ ಮೆಟ್ಟಿಲು ಹತ್ತುವ ಕೆಲಸವನ್ನೂ ಇನ್ನೊಂದಕ್ಕೆ ಬರೀ ಇಳಿಯುವ ಕೆಲಸವನ್ನೂ ಕೊಡಲಾಯಿತು. ಸಂಖ್ಯೆಯನ್ನು ವಾರದಿಂದ ವಾರಕ್ಕೆ ಮೆಲ್ಲಮೆಲ್ಲನೆ ಏರಿಸಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ತೊಡೆಯ ಬಲ, ಸಮತೋಲನ, ಮೂಳೆಯ ಸಾಂದ್ರತೆ, ಸಕ್ಕರೆಯ ನಿಯಂತ್ರಣ ಇವೆಲ್ಲದರಲ್ಲಿ ಹೆಚ್ಚು ಲಾಭ ಪಡೆದವರು ಇಳಿದವರೇ. ಮಂಡಿ ಸವೆತ ತೀವ್ರವಾಗಿರುವವರಿಗೆ ಈ ಅಭ್ಯಾಸ ಹೊಂದದಿರಬಹುದು. ಉಳಿದವರು ಮೊದಲ ವಾರ ಒಂದು ಅಂತಸ್ತಿನಷ್ಟು ಸಾಕೆಂದುಕೊಂಡು, ಪಕ್ಕದ ಕಂಬಿಯ ಮೇಲೆ ಕೈಯಿಟ್ಟು, ಹಗಲು ಬೆಳಕಿನಲ್ಲಿ ಆರಂಭಿಸಬಹುದು.